ಸಮಿತಿಯಲ್ಲಿದ್ದ ಕಂಡಕ್ಟರ್ ಕಾಕಾ

ಅವರ ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳಷ್ಟು ಕೆಳಗಿತ್ತು. ಮೂವತ್ತು ವರ್ಷ ಚರ್ಮದ ಚೀಲ ಜೋತುಬಿದ್ದ ಭುಜ ಅದು. ನಿವೃತ್ತಿಯಾಗಿ ಚೀಲ ಇಳಿದ ಮೇಲೂ ಮೇಲಕ್ಕೆ ಬರಲಿಲ್ಲ. ಆ ಕಡೆ ಅಂಗಿಯ ತೋಳು ಉದ್ದವಾಗಿ ಕಾಣುತ್ತಿತ್ತು. ಅವರು ಅದನ್ನು ಒಂದು ಮಡಿಕೆ ಹೆಚ್ಚು ಮಡಿಸಿಕೊಳ್ಳುತ್ತಿದ್ದರು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಎಡವೋ ಬಲವೋ? ಆಸ್ಪತ್ರೆಯ ಅಂಗಳದಲ್ಲಿ ಸಮಿತಿಯವರೆಲ್ಲ ನಿಂತು ತೆಗೆಸಿಕೊಂಡ ಫೋಟೋ ಹುಡುಕಿ ನೋಡಿದೆ. ಎಡವೇ ಇದೆ. ಆದರೆ ಅದು ನಮ್ಮಲ್ಲೇ ಒಬ್ಬರು ಮೊಬೈಲನ್ನು ಕೈಯಳತೆಯಲ್ಲಿ ಹಿಡಿದು ತೆಗೆದದ್ದು. ಅಂಥ ಫೋಟೋಗಳಲ್ಲಿ ಎಡಬಲ ಅದಲುಬದಲಾಗುವುದುಂಟು. ಹಿಂದಿನ ಗೋಡೆಯ ಮೇಲೆ ಅಕ್ಷರಗಳಿದ್ದರೆ ಗೊತ್ತಾಗುತ್ತಿತ್ತು. ಗೋಡೆ ಖಾಲಿ. ನಾಲ್ಕು ವರ್ಷ ನನ್ನೆದುರು ಕುಳಿತಿದ್ದ ಮನುಷ್ಯನ ಭುಜದ ಬಗ್ಗೆಯೇ ನನಗೆ ಖಾತ್ರಿಯಿಲ್ಲ. ಮುಂದೆ ಬರೆಯುವುದನ್ನು ಓದುವವರು ಇದನ್ನು ತಿಳಿದೇ ಓದಬೇಕು.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳುವವನು. ಧಾರವಾಡದಲ್ಲಿ ಆರು ವರ್ಷ ಕುಳಿತು ಒಂದು ಪ್ರಬಂಧ ಬರೆದೆ. ಬೇರೆ ಬೇರೆ ದೇಶಗಳ ಆಸ್ಪತ್ರೆಗಳಲ್ಲಿ ನೈತಿಕ ಸಮಿತಿಗಳು ಹೇಗೆ ಹುಟ್ಟಿದವು, ಹೇಗೆ ಬೆಳೆದವು ಎಂಬುದು ಅದರ ವಿಷಯ. ಚಿಕಿತ್ಸೆ ಮುಂದುವರಿಸಬೇಕೋ ನಿಲ್ಲಿಸಬೇಕೋ, ಯಾರ ಮಾತು ಕೇಳಬೇಕೋ ವೈದ್ಯರಿಗೇ ದಾರಿ ಕಾಣದಾದಾಗ ನಾಲ್ಕಾರು ಜನ ಕುಳಿತು ಯೋಚಿಸುವ ಮೇಜಿಗೆ ಈ ಹೆಸರು. ಇನ್ನೂರು ಪುಟ ಬರೆಯುವಾಗ ನಾನು ಒಂದು ದಿನವೂ ರೋಗಿಯ ಪಕ್ಕದಲ್ಲಿ ಕುಳಿತಿರಲಿಲ್ಲ.

ನಮ್ಮೂರಿನ ಟ್ರಸ್ಟ್ ಆಸ್ಪತ್ರೆಯ ಹಿರಿಯ ವೈದ್ಯರಿಗೆ ಇದು ಹೇಗೋ ತಿಳಿಯಿತು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರ್ ಎನ್ನುತ್ತಿದ್ದರು. ಕರೆಸಿ, "ನೀವು ಓದೀರಿ, ನಮಗೂ ಒಂದು ಸಮಿತಿ ಮಾಡಿಕೊಡ್ರಿ" ಅಂದರು. ನಾನು ಹೊರದೇಶದ ನಿಯಮಗಳನ್ನೆಲ್ಲ ಕೂಡಿಸಿ ಒಂದು ಪಟ್ಟಿ ಬರೆದುಕೊಟ್ಟೆ: ಒಬ್ಬ ವೈದ್ಯ, ಒಬ್ಬ ನರ್ಸ್, ಒಬ್ಬ ವಕೀಲ, ಒಬ್ಬ ಕಾರ್ಯದರ್ಶಿ, ಒಬ್ಬ ಸಾಮಾನ್ಯ ವ್ಯಕ್ತಿ. ದೊಡ್ಡ ಡಾಕ್ಟರ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಕ್ಕರು. "ಈ ತಾಲೂಕಿನ್ಯಾಗ ಸಾಮಾನ್ಯ ವ್ಯಕ್ತಿ ಎಲ್ಲಿಂದ ತರೂನ್ರಿ? ಎಲ್ಲಾರೂ ಪುಢಾರಿಗೋಳ."

ಒಂದು ವಾರದ ನಂತರ ಅವರೇ ಫೋನ್ ಮಾಡಿದರು. ನಗು ಇರಲಿಲ್ಲ. "ಸಿಕ್ಕಾನ್ರಿ ಒಬ್ಬಾಂವ. ಸವದತ್ತಿಯ ರಿಟೈರ್ಡ್ ಕಂಡಕ್ಟರ್. ನಮ್ಮ ಮ್ಯಾಲ ಜಗಳಕ್ಕ ಬಂದಾಂವ."

ಜಗಳ ಎಂದರೆ ಇಷ್ಟು. ಅವರ ಹೆಂಡತಿ ಆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ ಇದ್ದರು. ಹತ್ತನೆಯ ದಿನ ವೈದ್ಯರು, ಇನ್ನು ಇಲ್ಲಿ ಮಾಡುವಂಥದ್ದೇನೂ ಇಲ್ಲ, ಮನೆಗೆ ಒಯ್ಯಿರಿ ಎಂದರು. ಒಯ್ಯುವ ಮೊದಲು ಇವರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೈಯಿಂದ ಗಾಳಿ ಒತ್ತುವ ರಬ್ಬರಿನ ಚೀಲ ಹಿಡಿದು ಆಂಬುಲೆನ್ಸಿನಲ್ಲಿ ಸವದತ್ತಿಯ ತನಕ ಹೋದರು. ಮನೆಯ ಹೊಸ್ತಿಲು ದಾಟಿದ ಮೇಲೆ ಚೀಲ ತೆಗೆದರು. ನಮ್ಮ ಭಾಗದಲ್ಲಿ ಹೀಗೆಯೇ ಆಗುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ.

ಅವರು ಮಾತ್ರ ಪ್ರತಿ ತಿಂಗಳು ಆಸ್ಪತ್ರೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಆರನೆಯ ತಿಂಗಳು ದೊಡ್ಡ ಡಾಕ್ಟರ್ ಒಳಗೆ ಕರೆದರು.

"ಅವತ್ತ ನಾ ಸಹಿ ಮಾಡಿದ ಕಾಗದ ಇಂಗ್ಲೀಷಿನ್ಯಾಗಿತ್ತು. ಅದನ್ನ ಒಮ್ಮಿ ಓದಿ ಹೇಳ್ರಿ, ಅಷ್ಟ."

ಡಾಕ್ಟರ್ ಓದಿದರು. ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಒಯ್ಯುತ್ತಿದ್ದೇನೆ.

"ಒಯ್ರಿ ಅಂದಾವ್ರು ನೀವು. ಕಾಗದದಾಗ ನಿಮ್ಮ ಮಾತು ಮೀರಿ ನಾ ಒಯ್ದಂಗ ಬರದೀರಿ. ಆಕಿ ಸತ್ತದ್ದಕ್ಕ ನಾ ಬಂದಿಲ್ಲರಿ ಡಾಕ್ಟರ್ ಸಾಹೇಬ್ರ. ಆಕಿನ್ನ ನಾ ಕೊಂದಂಗ ಬರಸ್ಕೊಂಡೀರಲ್ಲ, ಅದಕ್ಕ ಬಂದೇನಿ."

ಈ ಮಾತುಗಳನ್ನು ನಾನು ಕೇಳಿದವನಲ್ಲ. ದೊಡ್ಡ ಡಾಕ್ಟರ್ ಹೇಳಿದ್ದು. ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಹಾಗೆ ಅವರು ಸಮಿತಿಗೆ ಬಂದರು. ಕಾರ್ಯದರ್ಶಿ ನಾನೇ ಆಗಿದ್ದೆ. ವಕೀಲರು ಅವರನ್ನು ಕಂಡಕ್ಟರ್ ಸಾಹೇಬ್ರು ಎಂದು ತುಸು ಚೇಷ್ಟೆಯಿಂದ ಕರೆದರೆ, ಸಿಸ್ಟರ್ ಮೊದಲ ದಿನದಿಂದ ಕಾಕಾ ಎಂದರು. ನನಗೂ ಕಾಕಾ ಆದರು. ಅವರು ನನ್ನನ್ನು ಕರೆಯುತ್ತಿದ್ದದ್ದು ಮಾಸ್ತರ ಎಂದು.

ಮೊದಲ ಒಂದೆರಡು ಸಭೆಗಳಲ್ಲಿ ಅವರು ಬಾಯಿ ಬಿಡಲಿಲ್ಲ. ಮೂರನೆಯದರಲ್ಲಿ ರಾಮದುರ್ಗದ ಒಬ್ಬ ನೇಕಾರ ಅಜ್ಜನ ವಿಷಯ ಬಂತು. ಪಾರ್ಶ್ವವಾಯು ಬಡಿದ ಅಜ್ಜ ಮೂಗಿನ ನಳಿಕೆಯನ್ನು ಮೂರು ಸಲ ಕಿತ್ತುಹಾಕಿದ್ದ. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮಕ್ಕಳು ಕಟ್ಟಿರಿ ಎಂದಿದ್ದರು. ಸಿಸ್ಟರ್ ಅದನ್ನು ಸಹಿಸಲಾಗದೆ ಸಮಿತಿಗೆ ತಂದಿದ್ದರು. ನಾನು ಸ್ವಾತಂತ್ರ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ವಕೀಲರು ಹೊಣೆಗಾರಿಕೆಯ ಬಗ್ಗೆ ಮಾತಾಡಿದರು. ಡಾಕ್ಟರ್ ಇನ್ನೇನು ಮುಗಿಸಬೇಕು ಎಂದಾಗ ಕಾಕಾ ಎದ್ದರು.

"ತಡೀರಿ. ಹಿಂದಿನ ಸೀಟ್ ನೋಡಿ ಬರತೇನಿ."

ಬಸ್ಸಿನಲ್ಲಿ ಅವರ ಪದ್ಧತಿ ಅದಾಗಿತ್ತಂತೆ. ಎಷ್ಟೇ ಗದ್ದಲವಿರಲಿ, ಕೊನೆಯ ಸೀಟಿನವರೆಗೆ ಒಮ್ಮೆ ಹೋಗಿ ಬಾರದೆ ಹೊರಡುವ ಗಂಟೆ ಹೊಡೆಯುತ್ತಿರಲಿಲ್ಲ. ಮುಂದೆ ಕುಳಿತವರು ತಾವಾಗಿ ಮಾತಾಡುತ್ತಾರೆ, ತೊಂದರೆಯಲ್ಲಿರುವವರು ಯಾವಾಗಲೂ ಹಿಂದೆ ಕುಳಿತಿರುತ್ತಾರೆ ಎನ್ನುತ್ತಿದ್ದರು. ಹತ್ತು ನಿಮಿಷದ ಮೇಲೆ ವಾರ್ಡಿನ ಆಯಾಳನ್ನು ಕರೆದುಕೊಂಡು ಬಂದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು.

"ಹೇಳಬೇ, ನನ್ನ ಮುಂದ ಏನ ಹೇಳಿದಿ ಅದನ್ನ ಹೇಳ."

"ಅಜ್ಜ ನಳಿಗಿ ಕೀಳಾಕ ಕೈ ಎತ್ತಂಗಿಲ್ರಿ. ಲಾಳಿ ಒಗ್ಯಾಕತ್ತಾನ್ರಿ. ಈ ಕಡಿಂದ ಆ ಕಡೆ, ಆ ಕಡಿಂದ ಈ ಕಡೆ. ನಳಿಗಿ ನಡುವ ಬರತೈತ್ರಿ."

ನಳಿಕೆಯನ್ನು ಹಣೆಯ ಮೇಲಿಂದ ಹಿಂದಕ್ಕೆ ಅಂಟಿಸಿ ಕೈ ಬಿಚ್ಚಿದರು. ಅಜ್ಜ ಎರಡು ದಿನ ಯಾರಿಗೂ ಕಾಣದ ಮಗ್ಗದಲ್ಲಿ ನೇಯ್ದ. ಮೂರನೆಯ ದಿನ ಮಕ್ಕಳು ಇನ್ನೂ ದೊಡ್ಡ ಆಸ್ಪತ್ರೆ ಬೇಕೆಂದು ಅವನನ್ನು ಬೇರೆ ಊರಿಗೆ ಒಯ್ದರು. ಅಲ್ಲಿ ಮತ್ತೆ ಕೈ ಕಟ್ಟಿದರೆಂದು ಕೇಳಿದೆವು. ನಮ್ಮ ಗೆಲುವುಗಳೆಲ್ಲ ಇಂಥವೇ. ಎರಡು ದಿನದವು.

ಸಭೆ ಮುಗಿದ ಮೇಲೆ ಕಾಕಾ ಸವದತ್ತಿಯ ಬಸ್ಸಿಗೆ ಕಾಯುತ್ತಿದ್ದರು. ನಾನೂ ಜೊತೆಗೆ ನಿಲ್ಲುತ್ತಿದ್ದೆ. ಬೇರೆ ದೇಶಗಳಲ್ಲಿ ಹೇಗೆ ಎಂದು ಕೇಳುತ್ತಿದ್ದರು. ನನಗೆ ಅದೊಂದೇ ಗೊತ್ತಿದ್ದದ್ದು, ಉತ್ಸಾಹದಿಂದ ಹೇಳುತ್ತಿದ್ದೆ. ನಾರ್ವೆಯಲ್ಲಿ ಆಸ್ಪತ್ರೆಗಳಿಗೆ ಇಂಥ ಸಮಿತಿ ಇರಲೇಬೇಕೆಂದು ಸರ್ಕಾರವೇ ಹೇಳಿದೆ. ಇಂಗ್ಲೆಂಡಿನಲ್ಲಿ ಯಾರೂ ಹೇಳದೆ ವೈದ್ಯರೇ ತಮ್ಮ ಕಷ್ಟಕ್ಕೆ ಕಟ್ಟಿಕೊಂಡರು, ಕೆಲವು ಉಳಿದವು, ಕೆಲವು ಅಳಿದವು. ಅಮೆರಿಕದಲ್ಲಿ ಆಸ್ಪತ್ರೆಗೆ ಮಾನ್ಯತೆ ಬೇಕಾದರೆ ಇಂಥದೊಂದು ಏರ್ಪಾಡು ತೋರಿಸಬೇಕು. ನಮ್ಮಲ್ಲಿ ಹೊಸ ಔಷಧಿಯನ್ನು ಜನರ ಮೇಲೆ ಪ್ರಯೋಗಿಸುವುದಕ್ಕೆ ಸಮಿತಿ ಕಡ್ಡಾಯ, ಹಾಸಿಗೆಯಲ್ಲಿ ಸುಮ್ಮನೆ ಸಾಯುತ್ತಿರುವವರ ಪಾಲಿಗೆ ಅಲ್ಲೊಂದು ಇಲ್ಲೊಂದು.

"ಅಂದ್ರ ಗುಳಿಗಿಗೆ ಸಮಿತಿ ಐತಿ, ಮನಶಾಗ ಇಲ್ಲ" ಅಂದರು.

ಅಮೆರಿಕದ ಹಳೆಯ ಕತೆಯೊಂದನ್ನೂ ಹೇಳಿದ್ದೆ. ಮೂತ್ರಪಿಂಡದ ಯಂತ್ರಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಒಂದು ಊರಿನ ಸಾಮಾನ್ಯ ಜನರ ಗುಂಪು ಕುಳಿತು ಯಾರಿಗೆ ಯಂತ್ರ, ಯಾರಿಗಿಲ್ಲ ಎಂದು ಆರಿಸುತ್ತಿತ್ತು. ಅವರ ಹೆಸರುಗಳನ್ನು ಮಾತ್ರ ಹೊರಗೆ ಹೇಳುತ್ತಿರಲಿಲ್ಲ.

"ಹೆಸರ ಯಾಕ ಮುಚ್ಚಿದ್ರು?"

"ಮಂದಿ ಬಂದು ಕಾಡಬಾರದು ಅಂತ, ಕಾಕಾ."

"ಕಾಡ್ಲಿ ಬಿಡ್ರಿ. ಒಬ್ಬಾಂವಗ ಇಲ್ಲ ಅಂದ ಮ್ಯಾಲ, ಅವನ ಹೇಣ್ತಿ ಬಂದು ಬೈಯಾಕ ಒಂದು ಮಾರಿ ಬೇಕಲ್ರಿ, ಮಾಸ್ತರ? ಆಕಿ ಯಾರನ್ನ ಬೈಬೇಕು, ಗ್ವಾಡಿನ್ನ?"

ಇದನ್ನು ಅವರು ನಿಜಕ್ಕೂ ಹೀಗೇ ಹೇಳಿದರೋ, ಮುಂದೆ ಆದದ್ದನ್ನು ಕಂಡ ನನ್ನ ಮನಸ್ಸು ಈ ಮಾತನ್ನು ಅವರ ಬಾಯಿಗೆ ಇಟ್ಟಿತೋ ಹೇಳಲಾರೆ. ಆದರೆ ಅವರು ಮಾಡಿದ್ದು ನೋಡಿದರೆ, ಹೇಳಿರಬೇಕು.

ಮುಂದೆ ಆದದ್ದು ನನ್ನ ಅಣ್ಣನದು.

ಅಣ್ಣ ಸಂಗೊಳ್ಳಿಯಲ್ಲೇ ಇದ್ದ. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ನಲವತ್ತೆಂಟು ವರ್ಷ, ಸಣ್ಣ ದನಿಯವನು. ನೇಸರಗಿಯ ಸಂತೆಯಲ್ಲಿ ತಲೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ನಮ್ಮದೇ ಆಸ್ಪತ್ರೆಗೆ ತಂದೆವು. ಬೆಳಗಾವಿಯ ತಜ್ಞರು ಬಂದು ನೋಡಿ, ಮೆದುಳಿನಲ್ಲಿ ಉಳಿದಿರುವುದು ತೀರ ಕಡಿಮೆ, ಎಚ್ಚರ ಬರುವ ಭರವಸೆ ಇಲ್ಲ ಎಂದರು. ಎದೆ ಏರಿಳಿಯುತ್ತಿತ್ತು, ಏರಿಳಿಸುತ್ತಿದ್ದದ್ದು ಯಂತ್ರ. ಹನ್ನೊಂದು ದಿನ. ಅವನ ಬೆರಳುಗಳಿಗೆ ಅಂಟಿದ್ದ ವಾರ್ನಿಷಿನ ಕಂದು ಬಣ್ಣ ಹನ್ನೊಂದು ದಿನವೂ ಹೋಗಲಿಲ್ಲ.

ಯಂತ್ರ ನಿಲ್ಲಿಸಬೇಕಾದರೆ ಕಾನೂನಿನ ಪ್ರಕಾರ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಒಪ್ಪಿಗೆ ಬೇಕು. ಮಂಡಳಿಗಳು ಒಪ್ಪಿದ್ದವು. ಒಯ್ಯಿರಿ ಎಂದು ಸಹಿ ಹಾಕಿಸಿಕೊಂಡು ಕೈತೊಳೆಯುವ ಹಳೆಯ ದಾರಿ ಬೇಡವೆಂದು ದೊಡ್ಡ ಡಾಕ್ಟರ್ ಹಟ ಹಿಡಿದು ವಿಷಯವನ್ನು ಸಮಿತಿಗೆ ತಂದರು. ನಾನು ಕಾರ್ಯದರ್ಶಿಯ ಕುರ್ಚಿ ಬಿಟ್ಟು ಮೇಜಿನ ಈ ಬದಿಗೆ ಬಂದು ರೋಗಿಯ ಸಂಬಂಧಿಯಾಗಿ ಕುಳಿತೆ. ಅವತ್ತು ನಡಾವಳಿ ಬರೆದವರು ಸಿಸ್ಟರ್.

ನಾನು ತಯಾರಾಗಿ ಬಂದಿದ್ದೆ. ರೋಗಿ ಮಾತಾಡಲಾಗದಾಗ ಅವನು ಹಿಂದೆ ಏನು ಬಯಸಿದ್ದ ಎಂಬುದನ್ನು ಮೊದಲು ಹುಡುಕಬೇಕು, ಇದು ಎಲ್ಲ ದೇಶಗಳ ಸಮಿತಿಗಳೂ ಒಪ್ಪಿದ ಮಾತು. ನಾನು ಹೇಳಿದೆ: ಎರಡು ವರ್ಷದ ಹಿಂದೆ ಅಣ್ಣ, ನಾನು ನವಿಲುತೀರ್ಥಕ್ಕೆ ಹೋಗಿದ್ದೆವು. ಮಳೆಗಾಲ, ಆಣೆಕಟ್ಟಿನ ಎಲ್ಲ ಗೇಟು ತೆಗೆದಿದ್ದರು. ಕೆಳಗಿನ ಸೇತುವೆಯ ಮೇಲೆ ನೀರಿನ ತುಂತುರು ಮುಖಕ್ಕೆ ಬಡಿಯುತ್ತಿತ್ತು. ಅಣ್ಣ ಕಂಬಿ ಹಿಡಿದು ನಿಂತು ನನಗೆ ಹೇಳಿದ: "ನನಗ ಏನರೆ ಆದ್ರ ಮಷೀನಿಗೆ ಕಟ್ಟಿ ಇಡಬ್ಯಾಡ. ಬಿಟ್ಟ ಬಿಡ."

ಸಿಸ್ಟರ್ ಬರೆದುಕೊಳ್ಳುತ್ತಿದ್ದರು. ವಕೀಲರು ತಲೆದೂಗಿದರು. ಕಾಕಾ ಕೇಳಿದರು, "ಗೇಟ್ ಎಲ್ಲಾ ತಗದಿದ್ರೇನ್ರಿ?"

"ಎಲ್ಲಾ."

"ನೀವು ಕೆಳಗಿನ ಬ್ರಿಜ್ ಮ್ಯಾಲ?"

"ಹೌದ್ರಿ."

"ಮಾಸ್ತರ, ನಾ ಆ ರೂಟಿನ್ಯಾಗ ಭಾಳ ವರ್ಷ ತಿರಗೇನಿ. ಗೇಟ್ ತಗದಾಗ ಅಲ್ಲಿ ಪಕ್ಕದಾಗ ನಿಂತಾಂವ ಒದರಿದ್ರೂ ಕೇಳಸೂದಿಲ್ಲ. ಮಂದಿ ಬಸ್ ಹತ್ತಿದ ಮ್ಯಾಲೂ ಮುನವಳ್ಳಿ ತನಕ ಒದರಕೋತ ಮಾತಾಡತಿದ್ರು, ಕಿವಿ ಗುಂಯ್ ಅಂತಿದ್ದು. ನಿಮ್ಮ ಅಣ್ಣ ಸಣ್ಣ ದನಿ ಮನಶ್ಯಾ ಅಂತೀರಿ. ಇಷ್ಟ ಮಾತು ಅಲ್ಲಿ ನಿಮಗ ಹೆಂಗ ಕೇಳಿಸ್ತು?"

ವಕೀಲರಿಗೆ ಸಿಟ್ಟು ಬಂತು. "ಕಂಡಕ್ಟರ್ ಸಾಹೇಬ್ರ, ಇದು ಕೋರ್ಟ್ ಅಲ್ಲ. ಅವ್ರು ಅಣ್ಣನ್ನ ಕಳಕೊಳ್ಳಾಕತ್ತಾರ."

"ಅದಕ್ಕ ಕೇಳಾಕತ್ತೇನ್ರಿ."

ನಾನು, ಹಾಗಾದರೆ ಬಸ್ಸಿನಲ್ಲಿ ಹೇಳಿರಬೇಕು ಎಂದೆ. ನಾವು ಬಸ್ಸಿನಲ್ಲಿ ಹೋಗಿರಲಿಲ್ಲ, ಅವನ ಬೈಕಿನಲ್ಲಿ ಹೋಗಿದ್ದೆವು. ಹಾಗಾದರೆ ಬೇರೆ ದಿನ ಇರಬೇಕು ಎಂದೆ. "ಯಾವತ್ತರಿ?" ಎಂದರು ಕಾಕಾ. ದನಿಯಲ್ಲಿ ಗಡಸಿರಲಿಲ್ಲ, ಎಲ್ಲಿ ಹತ್ತಿದ್ದು ಎಂದು ನೆನಪಿಲ್ಲದ ಮುದುಕನನ್ನು ಕೇಳುವ ದನಿ. ನಾನು ಹುಡುಕಿದೆ. ಸೇತುವೆ ಇತ್ತು, ತುಂತುರು ಇತ್ತು, ಅಣ್ಣನ ತುಟಿ ಅಲುಗುತ್ತಿತ್ತು. ಮಾತು ಮಾತ್ರ ಅವನದಾಗಿರಲಿಲ್ಲ. "ಬಿಟ್ಟು ಬಿಡಿ" ಎಂಬುದು ನಾನು ವರ್ಷವರ್ಷವೂ ತರಗತಿಯಲ್ಲಿ ಉದಾಹರಣೆಗೆಂದು ಹೇಳುತ್ತಿದ್ದ ರೋಗಿಯ ಮಾತು. ನಾನೇ ಕಟ್ಟಿದ ರೋಗಿ. ನಾನು ಸುಳ್ಳು ಹೇಳಿರಲಿಲ್ಲ, ಆಣೆ ಮಾಡಿ ಹೇಳಬಲ್ಲೆ. ಆದರೆ ಖರೆ ಕೂಡ ಹೇಳಿರಲಿಲ್ಲ.

"ನನಗೆ ಗೊತ್ತಿಲ್ಲ" ಎಂದೆ. ಜೋರಾಗಿ ಅಳು ಬಂತು.

ಕಾಕಾ ಸಿಸ್ಟರ್ ಕಡೆ ತಿರುಗಿದರು. "ಅವರಣ್ಣ ಅಂದಾ ಅಂತ ಬರದದ್ದನ್ನ ಹೊಡದ ಹಾಕ್ರಿ. ಮಲಗಿದಾಂವನ ಹೆಗಲ ಮ್ಯಾಲ ನಮ್ಮ ಭಾರ ಹೊರಸೂದು ಬ್ಯಾಡ. ಅವನ ಮನಸಿನ್ಯಾಗ ಏನಿತ್ತೋ ನಮಗ ಗೊತ್ತಿಲ್ಲ ಅಂತ ಬರೀರಿ. ಗೊತ್ತಿಲ್ಲದನ ಈ ತೀರ್ಮಾನ ನಾವ ಹೇಳಾಕತ್ತೇವಿ ಅಂತ ಬರೀರಿ." ಮತ್ತೆ ಎದ್ದರು. "ಹಿಂದ ಯಾರೋ ಉಳದಾರ."

ಹೊರಗೆ ಮೆಟ್ಟಿಲ ಕೆಳಗೆ, ಖಾಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನನ್ನ ವೈನಿ, ಅಣ್ಣನ ಹೆಂಡತಿ, ಕುಳಿತಿದ್ದಳು. ಹನ್ನೊಂದು ದಿನ ಅಲ್ಲೇ ಇದ್ದಳು. ಹೆಂಡತಿಯನ್ನು ಮೊದಲು ಕೇಳಬೇಕು ಎಂದು ಸಮಿತಿಯ ನಿಯಮದಲ್ಲಿ ಬರೆದವನು ನಾನು. ಹತ್ತಿರದ ಸಂಬಂಧಿ ಎಂಬ ಜಾಗದಲ್ಲಿ ನನ್ನ ಹೆಸರು ತುಂಬಿದವನೂ ನಾನೇ. ಓದಿದವನು, ಗಂಡಸು, ಆಸ್ಪತ್ರೆಯ ಪರಿಚಯವಿದ್ದವನು ಎಂದು ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ವೈನಿ ಕುರ್ಚಿಯ ತುದಿಯಲ್ಲಿ ಕುಳಿತಳು. ಡಾಕ್ಟರ್ ನಿಧಾನವಾಗಿ ಎಲ್ಲ ಹೇಳಿದರು.

"ತಗೀರಿ ಅಂತ ನಾ ಹೆಂಗ ಅನ್ಲಿರಿ?" ಅಂದಳು. "ಅಂದ್ರ ನಾಳೆ ಓಣ್ಯಾಗ ನಾ ಕೊಂದಾಕಿ ಆಗತೇನಿ. ಇಡ್ರಿ ಅಂದ್ರ ಅವರಿಗಿ ತ್ರಾಸ ಕೊಟ್ಟಾಕಿ ಆಗತೇನಿ. ಬಾಯಿಗೆ ಹಾಕಿದ ಕೊಳವಿಗೆ ತುಟಿ ಒಡದಾವ್ರಿ ಅವರ್ದು. ನನ್ನ ಕೇಳಬ್ಯಾಡ್ರಿ."

ಕಾಕಾ ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತರು. "ತಂಗಿ, ತಗೀರಿ ಅಂತ ನೀ ಅನ್ನಬ್ಯಾಡ. ಅದನ್ನ ನಾವ ಅಂತೇವಿ, ನಮ್ಮ ಹೆಸರಿನ ಮ್ಯಾಲ. ಬ್ಯಾಡ ಅನ್ನೂದಿತ್ತಂದ್ರ ಅದೊಂದು ಅನ್ನು. ನೀ ಬ್ಯಾಡ ಅಂದ್ರ ಈಗಿಂದೀಗ ಎಲ್ಲಾ ನಿಲ್ಲಸ್ತೇವಿ, ಯಾರೂ ನಿನ್ನ ಯಾಕ ಅಂತ ಕೇಳೂದಿಲ್ಲ."

ವೈನಿ ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು.

"ಬ್ಯಾಡ ಅನ್ನಂಗಿಲ್ರಿ" ಅಂದಳು.

ಸಿಸ್ಟರ್ ಅದನ್ನು ಅವಳ ಮಾತಿನಲ್ಲೇ ಬರೆದರು. ಕನ್ನಡದಲ್ಲಿ. ಸಮಿತಿಯವರ ಸಹಿಗಳು ಮೇಲೆ, ವೈನಿಯದು ಎಲ್ಲರ ಕೆಳಗೆ. ಕಾಕಾ ಬರಿ ಸಹಿ ಹಾಕಲಿಲ್ಲ. ಪೂರ್ತಿ ಹೆಸರು, ತಂದೆಯ ಹೆಸರು, ಊರು, ಓಣಿ, ಎಲ್ಲ ಬರೆದರು.

ಮರುದಿನ ಬೆಳಿಗ್ಗೆ ಹತ್ತು ದಾಟಿತ್ತು. ಕೊಳವೆ ತೆಗೆದರು. ವೈನಿ ಅವನ ಒಡೆದ ತುಟಿಗೆ ಬೆರಳಿನಿಂದ ಬೆಣ್ಣೆ ಹಚ್ಚಿದಳು. ಅಣ್ಣ ತಾನಾಗಿ ಇಪ್ಪತ್ತು ನಿಮಿಷ ಉಸಿರಾಡಿದ. ಕಾಕಾ ಬಾಗಿಲ ಹೊರಗಿದ್ದರು, ಒಳಗೆ ಬರಲಿಲ್ಲ.

ಮೂರನೆಯ ದಿನ ಸಂಗೊಳ್ಳಿಯಲ್ಲಿ ಸಮಾಧಿಗೆ ಹಾಲೆರೆದು ಬಂದು ಎಲ್ಲರೂ ಮನೆಯ ಮುಂದಿನ ಚಪ್ಪರದಲ್ಲಿ ಕುಳಿತಿದ್ದೆವು. ಕಾಕಾ ಎರಡು ಬಸ್ಸು ಬದಲಿಸಿ ಬಂದರು. ದೊಡ್ಡಪ್ಪನ ಮಗ ಅವರಿಗೆ ಜಾಗ ಕೊಟ್ಟು, ನಮ್ಮ ಕಡೆ ಜಾತಿ ತಿಳಿಯಲು ಕೇಳುವ ಹಾಗೆ, "ಯಾರ ಪೈಕಿರಿ ನೀವು?" ಎಂದು ಕೇಳಿದ.

"ಬುದ್ಧನ ಪೈಕಿರಿ" ಅಂದರು ಕಾಕಾ.

ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಅವರಿಗೆ ಕಾಗದದ ಕಪ್ಪಿನಲ್ಲಿ ಬಂತು. ಅವರು ಅದನ್ನು ನೋಡಿದರು, ಕುಡಿದರು.

ಆಮೇಲೆ ನಮ್ಮ ಸೋದರತ್ತೆ ಒಳಬಾಗಿಲಿನಲ್ಲಿ ಕುಳಿತು ಶುರು ಮಾಡಿದಳು. "ಇನ್ನಾ ಉಸರ ಆಡಾಂವ ಇದ್ದಾ ನಮ್ಮಾಂವ. ಹೇಣ್ತಿನ ಸಹಿ ಹಾಕಿ ಕೊಳವಿ ಕೀಳಸಿದಳು. ಹನ್ನೊಂದ ದಿನಕ್ಕ ಬ್ಯಾಸರಾತು ಆಕಿಗೆ." ಒಳಗೆ ವೈನಿಯ ಅಳು ನಿಂತುಹೋಯಿತು. ಅಳುವುದಕ್ಕಿಂತ ಅದು ಕೆಟ್ಟದಾಗಿತ್ತು.

ಕಾಕಾ ಎದ್ದು ನಿಂತರು. "ಅತ್ತಿಯವ್ವಾರ, ಆಕಿ ಕೀಳಸಿಲ್ಲ. ಕೀಳ್ರಿ ಅಂತ ಹೇಳಿದಾಂವ ನಾನು. ಕಂಡಕ್ಟರ್ ಇದ್ದಾಂವ ನಾ, ಈಗ ಆಸ್ಪತ್ರಿಯ ಸಮಿತಿಯಾಗ ಅದೇನಿ. ಬೈಯೂದಿದ್ರ ನನಗ ಬೈರಿ."

ಬೈದರು. ದೊಡ್ಡಪ್ಪನ ಮಗ, "ಬಸ್ಸಿನ್ಯಾಗ ಚೀಟಿ ಹರಿಯಾಂವ ನಮ್ಮ ಮನಿ ಮನಶ್ಯಾನ ಉಸರ ಹರದ್ಯಾ? ನಿಂದೇನು ಲಾಯಕ್ಕೀಲೇ?" ಎಂದ. ಇನ್ನೊಬ್ಬ ಜಾತಿ ಹಿಡಿದು ಬೈದ, ಅದನ್ನು ಇಲ್ಲಿ ಬರೆಯಲಾರೆ. ಕಾಕಾ ಒಂದಕ್ಕೂ ಎದುರಾಡಲಿಲ್ಲ. ಬೈಯುವವರಿಗೆ ಸಾಕಾಗುವ ತನಕ ಅಲ್ಲೇ ಇದ್ದರು. ಆಮೇಲೆ ಕೈ ಮುಗಿದು ಬಸ್ಸಿಗೆ ನಡೆದರು. ಅವತ್ತಿನಿಂದ ವೈನಿಗೆ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಊರಿಗೆ ಬೈಯಲು ಒಂದು ಮುಖ ಸಿಕ್ಕಿತ್ತು.

ನಾನು ಅವರ ಪಕ್ಕದಲ್ಲಿ ಕುಳಿತಿದ್ದೆ. ಏಳಲು ಹೊರಟೆ. ಸಮಿತಿಯ ಮುಂದೆ ಮೊದಲು ಬಾಯಿಬಿಟ್ಟವನು ನಾನು, ನನಗೆ ಬೈಯಿರಿ ಎನ್ನಲು ಹೊರಟೆ. ಕಾಕಾ ನನ್ನ ಹೆಗಲಿನ ಮೇಲೆ ಕೈಯಿಟ್ಟು ಒತ್ತಿದರು. ಕೂಡಿರಿ ಎಂಬಂತೆ. ಮನೆ ಮುರಿಯಬಾರದು, ವೈನಿಗೆ ಈ ಮನೆಯಲ್ಲಿ ನಾನೊಬ್ಬ ಬೇಕು ಎಂಬ ಯೋಚನೆ ಅವರದಿರಬೇಕು. ಹಾಗೆ ನಾನು ವರ್ಷಗಟ್ಟಲೆ ನಂಬಿಕೊಂಡು ಬಂದೆ. ಆ ಕೈಯ ಭಾರ ನನಗೆ ಈಗಲೂ ತಿಳಿಯುತ್ತದೆ.

ಆಮೇಲೆ ಎಲ್ಲ ಕೆಳಗಿಳಿಯಿತು. ದೊಡ್ಡ ಡಾಕ್ಟರ್ ಕಿತ್ತೂರಿನಲ್ಲಿ ಸ್ವಂತ ದವಾಖಾನೆ ತೆರೆದು ಹೋದರು. ಹೊಸದಾಗಿ ಬಂದವರಿಗೆ ಸಮಿತಿ ಬೇಕಾದದ್ದು ತಪಾಸಣೆಗೆ ಬರುವವರಿಗೆ ತೋರಿಸಲು ಮಾತ್ರ. ನಡೆಯದ ಸಭೆಗಳ ನಡಾವಳಿಗೆ ಸಹಿ ಹಾಕಿ ಎಂದರು. ವಕೀಲರು ಹಾಕಿದರು. ನಾನೂ ಹಾಕಿದೆ. ಕಾಕಾ ಹಾಕಲಿಲ್ಲ. ಆದರೂ ಸಭೆಯ ದಿನ ತಪ್ಪದೆ ಬಂದು, ಬೀಗ ಹಾಕಿದ ಕೋಣೆಯ ಹೊರಗೆ ಸಂಜೆಯ ತನಕ ಕೂರುತ್ತಿದ್ದರು. ಒಮ್ಮೆ, ಯಾಕೆ ಬರುತ್ತೀರಿ ಎಂದು ಕೇಳಿದೆ.

"ಯಾರರೆ ಒಬ್ಬರು ಕಾಗದ ಹಿಡಕೊಂಡು ಅಳಕೋತ ಬಂದ್ರ, ಓದಿ ಹೇಳಾಕ ಒಬ್ರು ಬೇಕಲ್ರಿ" ಅಂದರು.

ವಾರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಾಗದ ಮತ್ತೆ ಬಂದಿತ್ತು. ಜನ ಸಹಿ ಹಾಕಿ ರಬ್ಬರಿನ ಚೀಲ ಒತ್ತುತ್ತ ಮನೆಗೆ ಹೋಗುತ್ತಿದ್ದರು.

ಕಾಕಾ ಈ ಬೇಸಿಗೆಯಲ್ಲಿ ಹೋದರು. ಸವದತ್ತಿಯ ಮನೆಯಲ್ಲಿ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಡಾಕ್ಟರಿಲ್ಲ, ಯಂತ್ರವಿಲ್ಲ, ಯಾರೂ ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ನನಗೆ ಸುದ್ದಿ ತಿಳಿದದ್ದು ನಾಲ್ಕು ದಿನದ ಮೇಲೆ. ಹೋಗಿ ಅವರ ಮಗಳನ್ನು ಕಂಡು ಮಾತಾಡಿಸಿ ಬಂದೆ. ಆ ವಾರವೇ ಅವರನ್ನು ಕಂಡು ಕೇಳಬೇಕೆಂದಿದ್ದೆ: ಅವತ್ತು ನನ್ನನ್ನು ಒತ್ತಿ ಕೂರಿಸಿದ್ದು ಯಾಕೆ? ಅದನ್ನು ಕೇಳಲು ಇನ್ನು ಒಬ್ಬಳೇ ಉಳಿದಿದ್ದಳು.

ಸಂಗೊಳ್ಳಿಗೆ ಹೋದೆ. ವೈನಿ ಅಣ್ಣನ ಅಂಗಡಿಯಲ್ಲಿ ಕುಳಿತು ತಂತಿ ಸುತ್ತುತ್ತಿದ್ದಳು. ಈಗ ಆ ಕೆಲಸ ಅವಳೇ ಮಾಡುತ್ತಾಳೆ. ಕಾಕಾ ಹೋದದ್ದು ಹೇಳಿದೆ. ಕೈ ನಿಂತಿತು. ಕಣ್ಣು ಒರೆಸಿಕೊಂಡಳು. ಆಮೇಲೆ ಕೇಳಿದೆ, "ವೈನಿ, ಅವತ್ತ ಎಲ್ಲಾರೂ ಬೈಯುಮುಂದ ಕಾಕಾ ನನ್ನ ಹೆಗಲ ಹಿಡದು ಕುಂದರಿಸಿದ್ರಲ್ಲ, ನೀ ಒಳಗಿಂದ ನೋಡಿದ್ಯಾ?"

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅದಿದ್ದರೆ ಚೆನ್ನಾಗಿತ್ತು.

"ನೀ ಅಲ್ಲಿ ಇರಲಿಲ್ಲ ತಮ್ಮಾ."

"ಅಲ್ಲೇ ಇದ್ದೆ. ಚಹಾ ಕುಡದ್ವಿ. ಅವರಿಗೆ ಕಾಗದದ ಕಪ್ಪು—"

"ಚಾಕ್ಕ ಇದ್ದಿ. ಅತ್ತಿ ಶುರು ಮಾಡುತ್ಲೇ ಕಾಲೇಜಿಂದ ಫೋನ್ ಬಂತು ಅಂತ ಎದ್ದ ಹೋದಿ. ಹೊತ್ತ ಮುಣಗಿದ ಮ್ಯಾಲ ಬಂದಿ. ಯಾರ ಏನ ಅಂದ್ರು ಅಂತ ಎಲ್ಲಾ ನಾನ ನಿನ್ನ ಮುಂದ ಹೇಳೇನಿ."

ತಂತಿಯ ಉಂಡೆ ಅವಳ ಕೈಯಿಂದ ಕೆಳಗುರುಳಿತು, ಇಬ್ಬರೂ ಎತ್ತಲಿಲ್ಲ. ಕೇಳಿದೆ, "ಹಂಗಾದ್ರ ಅವರ ಬಾಜೂಕ ಯಾರೂ ಇರಲಿಲ್ಲೇನು?"

"ನಾ ಹೊರಗ ಬಂದು ಅವರ ಬಾಜೂಕ ನಿಂತಿದ್ದೆ" ಅಂದಳು ವೈನಿ.